ಏರ್ ಸ್ಕ್ರೂ: ಹೆಸರು ಒಂದೇ, ತಿರುಪು ಎರಡು

‘ಗಾಡಿ ಸ್ಲೋದಲ್ಲಿ ನಿಲ್ಲೋದಿಲ್ವಾ? ಏರ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿ ನೋಡಿ.’ ಆಕ್ಸಿಲರೇಟರ್ ಬಿಟ್ಟೊಡನೆ ಆಫ್ ಆಗುವ ಹಳೆಯ ಮೋಟಾರ್‌ಸೈಕಲ್ಲಿನ ಮಾತು ಬಂದಲ್ಲೆಲ್ಲ ಈ ಸಲಹೆ ಬರುತ್ತದೆ. ಮಳೆಗಾಲ ಮುಗಿದು ತಾಡಪಾಲಿನಡಿಯ ಗಾಡಿಗಳು ಹೊರಗೆ ಬರುವ ಹೊತ್ತಿನಲ್ಲಂತೂ ಕೇಳಿ ಕೇಳಿ ಸಾಕಾಗುತ್ತದೆ. ಹೇಳುವವರು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಯಾವುದು ಎಂದು ಕೇಳುವುದಿಲ್ಲ, ಕೇಳಿಸಿಕೊಂಡವರು ಯಾವ ಸ್ಕ್ರೂ ಎಂದು ವಿಚಾರಿಸುವುದಿಲ್ಲ. ಶಿರಸಿಯ ಆರ್‌ಎಕ್ಸ್ 100ಕ್ಕೆ ಸರಿಹೋದ ಅರ್ಧ ಸುತ್ತು ಅಂಕೋಲೆಯ ಇನ್ಯಾವುದೋ ಗಾಡಿಯ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಸುತ್ತದೆ. ಇಬ್ಬರೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಿರುಗಿಸಿದ್ದಾರೆ. ತಿರುಗಿಸಿದ ವಸ್ತು ಮಾತ್ರ ಬೇರೆ.

ಕಾರ್ಬುರೇಟರಿನ ಸ್ಲೈಡನ್ನು (ಆಕ್ಸಿಲರೇಟರ್ ತಿರುಗಿಸಿದಂತೆ ಏಳುವ ಗಾಳಿಯ ಬಾಗಿಲನ್ನು) ಎತ್ತಿ ಹಿಡಿಯುವ ಥ್ರಾಟಲ್ ಸ್ಟಾಪ್ ಸ್ಕ್ರೂವನ್ನೂ ಏರ್ ಸ್ಕ್ರೂ ಎನ್ನುವವರಿದ್ದಾರೆ. ಅದು ಬರೀ ತಪ್ಪು, ಅಲ್ಲಿ ಚರ್ಚೆಗೆ ಏನೂ ಇಲ್ಲ. ನಿಜವಾದ ಗೊಂದಲ ಇನ್ನೊಂದು ತಿರುಪಿನದು. ಕೆಲವು ಕಾರ್ಬುರೇಟರುಗಳಲ್ಲಿ ಅದು ಸ್ಲೈಡಿಗೂ ಏರ್ ಫಿಲ್ಟರಿಗೂ ನಡುವೆ ಇರುತ್ತದೆ, ಕೆಲವದರಲ್ಲಿ ಸ್ಲೈಡಿಗೂ ಎಂಜಿನ್ನಿಗೂ ನಡುವೆ. ಫಿಲ್ಟರ್ ಕಡೆ ಇದ್ದರೆ ಅದು ಹಿಡಿತದಲ್ಲಿಡುವುದು ಗಾಳಿಯನ್ನು: ಬಿಚ್ಚಿದಷ್ಟೂ ಗಾಳಿ ಹೆಚ್ಚು, ಮಿಶ್ರಣ ಲೀನ್. ಎಂಜಿನ್ ಕಡೆ ಇದ್ದರೆ ಅದರ ಮೂಲಕ ಹಾಯುವುದು ಗಾಳಿಯೊಡನೆ ಆಗಲೇ ಬೆರೆತ ಪೆಟ್ರೋಲು: ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು, ಮಿಶ್ರಣ ರಿಚ್. ಮೊದಲನೆಯದು ಮಾತ್ರ ಏರ್ ಸ್ಕ್ರೂ. ಎರಡನೆಯದು ಮಿಕ್ಸ್ಚರ್ ಸ್ಕ್ರೂ. ಒಂದರ ಸಲಹೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಪರಿಣಾಮ ಉಲ್ಟಾ.

ಆರ್‌ಎಕ್ಸ್ 100, ರಾಜದೂತ್ 350, ಬುಲೆಟ್‌ನ ಮಿಕ್‌ಕಾರ್ಬ್ ವಿಎಂ 24, ಅದಕ್ಕೂ ಹಿಂದಿನ ಅಮಲ್ ಮಾನೋಬ್ಲಾಕ್ ಕಾರ್ಬುರೇಟರ್ ಇವುಗಳಲ್ಲಿರುವುದು ಏರ್ ಸ್ಕ್ರೂವೇ. ಸ್ಲೈಡನ್ನು ರಬ್ಬರ್ ಪೊರೆ (ಡಯಾಫ್ರಂ) ಎತ್ತುವ ಸಿವಿ ಕಾರ್ಬುರೇಟರುಗಳಲ್ಲಿ ಹೆಚ್ಚಿನವಕ್ಕೆ ಮಿಕ್ಸ್ಚರ್ ಸ್ಕ್ರೂ ಇರುತ್ತದೆ. ಕಾರ್ಬುರೇಟರ್ ಬದಲಾಯಿಸಿದ ಗಾಡಿಯಲ್ಲಿ ಹೆಸರು ನಂಬಬೇಡಿ, ಜಾಗ ನೋಡಿ. ಕಳಚಿದರೆ ಇನ್ನೂ ಸ್ಪಷ್ಟ: ಮಿಕ್ಸ್ಚರ್ ಸ್ಕ್ರೂವಿನ ತುದಿ ಸಾಮಾನ್ಯವಾಗಿ ಸೂಜಿಯಂತೆ ಸಪೂರ, ಸ್ಪ್ರಿಂಗಿನ ಕೆಳಗೆ ಒಂದು ವಾಷರ್, ಅದರ ಕೆಳಗೆ ಸಾಸಿವೆಗಿಂತ ತುಸು ದೊಡ್ಡ ಓ-ರಿಂಗ್. ಆ ಓ-ರಿಂಗ್ ಒಳಗೇ ಅಂಟಿಕೊಂಡು ಉಳಿಯುತ್ತದೆ, ಎಷ್ಟೋ ಸಲ ಹಳೆಯದರ ಮೇಲೆಯೇ ಹೊಸದು ಕೂರುತ್ತದೆ. ಹಾಗಾದರೆ ಯಾವ ಸುತ್ತಿನ ಲೆಕ್ಕವೂ ಸರಿಬರುವುದಿಲ್ಲ.

ಪುಸ್ತಕಗಳಲ್ಲಿ ಏರ್ ಸ್ಕ್ರೂವಿಗೆ ಪೈಲಟ್ ಏರ್ ಸ್ಕ್ರೂ ಎಂದೂ ಮಿಕ್ಸ್ಚರ್ ಸ್ಕ್ರೂವಿಗೆ ಪೈಲಟ್ ಸ್ಕ್ರೂ ಎಂದೂ ಇರುತ್ತದೆ. ಗ್ಯಾರೇಜಿನ ಬಾಯಲ್ಲಿ ‘ಪೈಲಟ್’ ಉದುರಿಹೋಗಿ ‘ಏರ್’ ಉಳಿಯಿತು. ಉಳಿಯಬೇಕಿದ್ದ ಪದವೇ ಹೋಯಿತು. ಪೈಲಟ್ ಎಂದೊಡನೆ ವಿಮಾನ ಕಣ್ಣಿಗೆ ಬರುತ್ತದೆ, ಆದರೆ ಪದ ವಿಮಾನಕ್ಕಿಂತ ಶತಮಾನಗಳಷ್ಟು ಹಳೆಯದು, ಮತ್ತು ಅದು ನೀರಿನ ಮೇಲಿನ ಪದ. ಇಂಗ್ಲಿಷಿಗೆ ಫ್ರೆಂಚಿನಿಂದ, ಫ್ರೆಂಚಿಗೆ ಇಟಾಲಿಯನ್ನಿನಿಂದ ಬಂದದ್ದು. ಬೇರು ಗ್ರೀಕಿನ ‘ಪೇದೋನ್’, ಅಂದರೆ ದೋಣಿಯ ದಿಕ್ಕು ತಿರುಗಿಸುವ ಹುಟ್ಟು. ನಮ್ಮ ಕರಾವಳಿಯಲ್ಲಿ ಚುಕ್ಕಾಣಿ ಹಿಡಿಯುವ ತಾಂಡೇಲನ ಕೆಲಸವದು. ದೊಡ್ಡ ಹಡಗು ಬಂದರಿಗೆ ಬರುವಾಗ ಅಲ್ಲಿನ ಆಳ, ಮರಳದಿಬ್ಬ, ಸೆಳೆತ ಬಲ್ಲವನೊಬ್ಬ ಸಣ್ಣ ದೋಣಿಯಲ್ಲಿ ಹೋಗಿ ಹಡಗು ಹತ್ತಿ ಅದನ್ನು ಒಳಗೆ ತರುತ್ತಾನೆ. ಬಂದರಿನ ಭಾಷೆಯಲ್ಲಿ ಇವತ್ತಿಗೂ ಪೈಲಟ್ ಎಂದರೆ ಅವನೇ. ದೊಡ್ಡದಕ್ಕೆ ದಾರಿ ಮಾಡಿಕೊಡುವ ಚಿಕ್ಕದು ಎಂಬ ಈ ಅರ್ಥದಲ್ಲೇ ಪದ ಯಂತ್ರಗಳೊಳಗೂ ಬಂತು. ಗ್ಯಾಸ್ ಗೀಸರಿನಲ್ಲಿ ದೊಡ್ಡ ಬರ್ನರ್ ಹೊತ್ತಿಸಲು ಕಾದಿರುವ ಸಣ್ಣ ಉರಿಯೂ ಪೈಲಟ್ಟೇ.

ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ತೂತಿನ ತುಂಡುಗಳೇ ಜೆಟ್ಟುಗಳು, ಅವುಗಳಲ್ಲಿ ಚಿಕ್ಕದಾದ ಪೈಲಟ್ ಜೆಟ್ಟಿನ ಕೆಲಸವೂ ಇದೇ. ಸ್ಲೈಡ್ ಕೆಳಗೆ ಕೂತಿರುವಾಗ, ಮೇನ್ ಜೆಟ್ಟಿಗೆ ಇನ್ನೂ ಎಳೆತ ಸಿಗದಿರುವಾಗ, ಎಂಜಿನ್ನನ್ನು ನಡೆಸುವುದು ಅದೊಂದೇ. ಥ್ರಾಟಲ್ಲಿನ ಮೊದಲ ಎಂಟನೇ ಒಂದು ಭಾಗದ ತನಕ ಆಡಳಿತ ಹೆಚ್ಚುಕಡಿಮೆ ಅದರದು. ನಾವು ತಿರುಗಿಸುವ ಸ್ಕ್ರೂ ಆ ದಾರಿಗೆ ಇಟ್ಟ ಚುಕ್ಕಾಣಿ ಮಾತ್ರ. ದಾರಿಯೇ ಕಟ್ಟಿಹೋಗಿದ್ದರೆ ಚುಕ್ಕಾಣಿ ತಿರುಗಿಸಿ ಏನು ಬಂತು? ‘ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ’ ಎನ್ನುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ಪೈಲಟ್ ಜೆಟ್ ಕಟ್ಟಿದೆ. ಇನ್ನೊಂದು, ಗಾಡಿ ಆಫ್ ಆಗದಿರಲೆಂದು ಯಾರೋ ಸ್ಟಾಪ್ ಸ್ಕ್ರೂವನ್ನು ಒಳಗೆ ತಿರುಗಿಸಿ ಸ್ಲೈಡನ್ನು ಬಹಳ ಮೇಲೆ ನಿಲ್ಲಿಸಿದ್ದಾರೆ. ಆಗ ಬೈಪಾಸ್ ತೂತೂ ಸೂಜಿಯ ಜೆಟ್ಟೂ ಪೆಟ್ರೋಲು ಕೊಡತೊಡಗುತ್ತವೆ, ಪೈಲಟ್ಟಿನ ಮಾತು ನಡೆಯುವುದಿಲ್ಲ.

ಹೊಂದಿಸುವ ಕ್ರಮ ಹೀಗೆ. ನಾಲ್ಕೈದು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿ ಮಾಡಿ. ಚೋಕ್ ಪೂರ್ತಿ ಆಫ್ ಆಗಿದೆಯೆಂದು ಖಚಿತಪಡಿಸಿಕೊಳ್ಳಿ. ಎಂಜಿನ್ ನಿಲ್ಲಿಸಿ ಏರ್ ಅಥವಾ ಮಿಕ್ಸ್ಚರ್ ಸ್ಕ್ರೂವನ್ನು ಬೆರಳಿನ ಬಲದಲ್ಲಿ ತಳ ಮುಟ್ಟಿಸಿ. ಬಿಗಿದರೆ ತುದಿ ಸೀಟಿನಲ್ಲಿ ಗೆರೆ ಕೊರೆಯುತ್ತದೆ, ಸಪೂರ ತುದಿಯಾದರೆ ಮುರಿದು ಒಳಗೇ ಉಳಿಯುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಎಂಜಿನ್ ಚಾಲೂ ಮಾಡಿ, ಸ್ಟಾಪ್ ಸ್ಕ್ರೂವಿನಿಂದ ಆಫ್ ಆಗದಷ್ಟು ರೇಸ್ ಇಡಿ. ಮೊದಲಿನ ಸ್ಕ್ರೂವನ್ನು ಅತ್ತ ಇತ್ತ ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಈ ಕಾಯುವುದನ್ನೇ ಬಹಳ ಜನ ಬಿಡುತ್ತಾರೆ. ಎಂಜಿನ್ ಅತಿ ಚುರುಕಾಗಿ, ಒಂದೇ ಲಯದಲ್ಲಿ ಓಡುವ ಜಾಗ ಸಿಕ್ಕೊಡನೆ ಸ್ಟಾಪ್ ಸ್ಕ್ರೂ ಬಿಚ್ಚಿ ರೇಸ್ ಇಳಿಸಿ, ಮತ್ತೆ ಕಾಲು ಸುತ್ತಿನ ಹುಡುಕಾಟ. ಎರಡು ಮೂರು ಸರದಿಯಲ್ಲಿ ಮುಗಿಯುತ್ತದೆ.

ಸ್ಕ್ರೂ ಎಲ್ಲಿ ನಿಂತಿತು ಎಂಬುದೇ ಒಂದು ವರದಿ. ಏರ್ ಸ್ಕ್ರೂ ಅರ್ಧ ಸುತ್ತಿಗಿಂತ ಕಡಿಮೆಯಲ್ಲಿ ನಿಂತರೆ ಪೆಟ್ರೋಲು ಸಾಲುತ್ತಿಲ್ಲ: ಜೆಟ್ ಚಿಕ್ಕದು ಅಥವಾ ಅರೆಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಎರಡೂವರೆ ದಾಟಿದರೆ ಪೆಟ್ರೋಲು ಅತಿಯಾಗಿದೆ: ಫ್ಲೋಟ್ ಲೆವೆಲ್ (ಕಾರ್ಬುರೇಟರ್ ತಳದ ಬೌಲಿನಲ್ಲಿ ಪೆಟ್ರೋಲಿನ ಮಟ್ಟ) ಮೇಲಿದೆ, ಚೋಕ್ ಪೂರ್ತಿ ಕೂರುತ್ತಿಲ್ಲ, ಅಥವಾ ಜೆಟ್ ದೊಡ್ಡದು. ಮಿಕ್ಸ್ಚರ್ ಸ್ಕ್ರೂವಾದರೆ ಇದನ್ನೇ ತಿರುವಿ ಓದಿಕೊಳ್ಳಿ.

‘ಏರ್’ಗೆ ಇನ್ನೊಂದು ದುರ್ಬಳಕೆಯೂ ಇದೆ. ‘ಗಾಡಿ ಏರ್ ತಗೊಳ್ತಾ ಇದೆ’ ಎಂಬ ದೂರಿಗೂ ಮದ್ದು ಏರ್ ಸ್ಕ್ರೂ ಎಂದು ತಿಳಿದವರಿದ್ದಾರೆ. ಅದು ಸೋರಿಕೆ: ಕಾರ್ಬುರೇಟರ್ ಹಿಡಿದಿರುವ ರಬ್ಬರ್ ಬಿರಿದಿದೆ, ಪ್ಯಾಕಿಂಗ್ ಹೋಗಿದೆ, ಅಥವಾ ಟೂ ಸ್ಟ್ರೋಕ್ ಆದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಗುರುತು ಒಂದೇ, ಆಕ್ಸಿಲರೇಟರ್ ಬಿಟ್ಟ ಮೇಲೂ ರೇಸ್ ತಡೆದು ತಡೆದು ಇಳಿಯುತ್ತದೆ. ಸ್ಲೋದಲ್ಲಿ ಓಡುತ್ತಿರುವಾಗ ಜೋಡಣೆಗಳ ಸುತ್ತ ಸೋಪಿನ ನೀರು ಸಿಂಪಡಿಸಿ. ಸದ್ದು ಬದಲಾದ ಜಾಗವೇ ಸೋರುವ ಜಾಗ. ಬಿಸಿ ಎಂಜಿನ್ ಮೇಲೆ ಪೆಟ್ರೋಲು ಎರಚಿ ನೋಡುವ ಅಭ್ಯಾಸ ದಯವಿಟ್ಟು ಬಿಡಿ, ಬೆಂಕಿ ಹೊತ್ತಲು ಒಂದು ಕಿಡಿ ಸಾಕು.

ಕರಾವಳಿಯಲ್ಲಿ ಜೆಟ್ ಕಟ್ಟುವುದು ಹೆಚ್ಚು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೌಲಿನಲ್ಲಿ ನಿಂತರೆ ಲೋಹಕ್ಕೆ ಬಿಳಿ ಬೂಷ್ಟಿನಂಥ ಪುಡಿ ಹಿಡಿದು, ಕೂದಲೆಳೆಯಷ್ಟಿರುವ ತೂತು ಮುಚ್ಚುತ್ತದೆ. ಹೊರಗಿನ ಹೊಳಪು ನೋಡಿ ಮೋಸಹೋಗಬೇಡಿ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ ದುಂಡನೆಯ ಚುಕ್ಕೆ ಕಾಣಬೇಕು. ವೈರಿನ ಒಂದು ತಾಮ್ರದ ಎಳೆ, ಕಾರ್ಬುರೇಟರ್ ಕ್ಲೀನರ್, ಗಾಳಿಯ ಒತ್ತಡ ಸಾಕು. ಹೊಲಿಗೆ ಸೂಜಿ ಹಾಕಿದರೆ ಹಿತ್ತಾಳೆಯ ತೂತು ಹಿಗ್ಗಿ ಜೆಟ್ಟಿನ ನಂಬರಿಗೆ ಅರ್ಥ ಉಳಿಯುವುದಿಲ್ಲ. ಮಳೆಗಾಲಕ್ಕೆ ನಿಲ್ಲಿಸುವ ಮುಂಚೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಬೌಲ್ ಖಾಲಿ ಮಾಡಿದರೆ ಇಷ್ಟೆಲ್ಲ ಬೇಡ.

ರಾಜದೂತ್ 350ರಲ್ಲಿ ಕಾರ್ಬುರೇಟರ್ ಎರಡು, ಹಾಗಾಗಿ ಸ್ಕ್ರೂಗಳೂ ಜೋಡಿ. ಮೊದಲು ಸ್ಲೈಡುಗಳು ಸಮ ಎತ್ತರದಲ್ಲಿರಬೇಕು: ಒಂದೇ ಅಳತೆಯ ಎರಡು ಡ್ರಿಲ್ ಬಿಟ್ಟುಗಳ ಹಿಂಭಾಗವನ್ನು ಸ್ಲೈಡಿನಡಿ ಇಟ್ಟು ಸ್ಟಾಪ್ ಸ್ಕ್ರೂ ಹೊಂದಿಸಿ. ಆಮೇಲೆ ಕೇಬಲ್ ಅಡ್ಜಸ್ಟರ್ ತಿರುಗಿಸಿ, ಎರಡೂ ಒಂದೇ ಗಳಿಗೆಯಲ್ಲಿ ಏಳುವಂತೆ ಮಾಡಿ. ಅದಾದ ಮೇಲಷ್ಟೇ ಏರ್ ಸ್ಕ್ರೂ. ಎಡದ್ದು ಒಂದೂವರೆಯಲ್ಲೂ ಬಲದ್ದು ಮೂರರಲ್ಲೂ ನಿಂತರೆ ಹೊಂದಾಣಿಕೆ ಆಯಿತೆಂದಲ್ಲ, ಬಲದ ಕಾರ್ಬುರೇಟರಿನಲ್ಲಿ ದೋಷವಿದೆಯೆಂದು. ಯೆಜ್ಡಿ 250ಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಕಾರ್ಬುರೇಟರೂ ಒಂದೇ. ಅಲ್ಲಿ ಈ ಕೆಲಸವೇ ಇಲ್ಲ.

ಇನ್ನು ಘಟ್ಟದ ಲೆಕ್ಕ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಅಲ್ಲಿ ಗಾಳಿ ಕುಮಟೆಗಿಂತ ಶೇಕಡ 5–6ರಷ್ಟು ತೆಳು. ಕುಮಟೆಯಲ್ಲಿ ಹೊಂದಿಸಿದ ಗಾಡಿ ದೇವಿಮನೆ ಘಟ್ಟ ಹತ್ತಿದ ಮೇಲೆ ತುಸು ರಿಚ್ ಆಗುತ್ತದೆ. ಮೇಲೆಯೇ ಉಳಿಯುವ ಗಾಡಿಯಾದರೆ ಏರ್ ಸ್ಕ್ರೂ ಕಾಲು ಸುತ್ತು ಬಿಚ್ಚಿ, ಮಿಕ್ಸ್ಚರ್ ಸ್ಕ್ರೂ ಆದರೆ ಕಾಲು ಸುತ್ತು ಒಳಗೆ ತಿರುಗಿಸಿ. ಸಂಜೆಗೆ ವಾಪಸು ಇಳಿಯುವುದಿದ್ದರೆ ಮುಟ್ಟಲೇಬೇಡಿ.