ಯಾವ ಪುಸ್ತಕ ಹಿಡಿದು ಆಡೋದು? ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಡಿಷನ್ ತಕರಾರಿನ ಹಿನ್ನೆಲೆ

ಶಿವಮೊಗ್ಗದಲ್ಲಿ ಭಾನುವಾರ ಮಧ್ಯಾಹ್ನ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂರುವವರಲ್ಲಿ ಈಗೀಗ ದಾಳ ಉರುಳುವ ಮೊದಲೇ ಚರ್ಚೆ ಏಳುತ್ತದೆ: 2014ರ ಪುಸ್ತಕವೋ, 2024ರದ್ದೋ? ಸಾಗರದಿಂದ ಬಂದವನ ಕೈಯಲ್ಲಿ ಹಳೆಯದು. ಬೆಂಗಳೂರಿಂದ ರಜೆಗೆ ಬಂದವಳ ಟ್ಯಾಬ್‌ನಲ್ಲಿ ಹೊಸದು. ಮೂರನೆಯವನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಉಚಿತ ನಿಯಮಗಳು. ಒಂದೇ ಹೆಸರಿನ ಮಂತ್ರಕ್ಕೆ ಎರಡು ಫಲ. ಯಾರೂ ಸುಳ್ಳು ಹೇಳುತ್ತಿಲ್ಲ, ಎಲ್ಲರೂ ಪುಟ ತೋರಿಸಿಯೇ ವಾದ ಮಾಡುತ್ತಾರೆ. ಹಾಗಾಗಿ ಜಗಳ ಬಗೆಹರಿಯುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಲೆನಾಡಿನವರಿಗೆ ಇದನ್ನು ತಾಳಮದ್ದಳೆಯ ಮೂಲಕ ಹೇಳುವುದೇ ಸಲೀಸು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಹೊತ್ತಿಗೆ ಹೊಳೆದ ಮಾತಾಡುತ್ತಾರೆ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್, ಅಂದರೆ ಡಿಎಂ, ಕೂತು ಕಥೆ ನಡೆಸುತ್ತಾರೆ. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು, ಇಲ್ಲಿ ಯಾರು ಉಳಿಯುತ್ತಾರೆ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದಾಳದ ಅಂಕಿಗೆ ಏನು ಕೂಡಿಸಬೇಕು, ಎಷ್ಟು ಬಂದರೆ ಏಟು ಬಿದ್ದಂತೆ, ಏಟಿಗೆ ಎಷ್ಟು ಜೀವ ಹೋಗುತ್ತದೆ ಅನ್ನುವುದೆಲ್ಲ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಬದಲಾದಾಗಲೆಲ್ಲ ಆಟಗಾರರು ಎರಡು ಪಾಳಯವಾಗಿದ್ದಾರೆ.

1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ಪುಟ್ಟ ಪುಸ್ತಿಕೆಗಳಾಗಿ ಹೊರತಂದ ಆಟ ಮೂರೇ ವರ್ಷದಲ್ಲಿ ‘ಬೇಸಿಕ್’ ಮತ್ತು ‘ಅಡ್ವಾನ್ಸ್‌ಡ್’ ಅಂತ ಎರಡು ಕವಲಾಯಿತು. 1989ರ ಎರಡನೇ ಎಡಿಷನ್ ಅಮೆರಿಕದ ಧಾರ್ಮಿಕ ವಿರೋಧಕ್ಕೆ ಮಣಿದು ‘ಡೆವಿಲ್’, ‘ಡೀಮನ್’ ಹೆಸರುಗಳನ್ನೂ ‘ಅಸಾಸಿನ್’ ಪಾತ್ರವನ್ನೂ ಕೈಬಿಟ್ಟಿತು. 1997ರಲ್ಲಿ ಮೂಲ ಕಂಪನಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು, ಎರಡು ವರ್ಷಕ್ಕೆ ಅದನ್ನು ಹ್ಯಾಸ್‌ಬ್ರೋ ಕೊಂಡಿತು.

2000ದ ಮೂರನೇ ಎಡಿಷನ್ ಲೆಕ್ಕವನ್ನೇ ತಿರುವಿ ಹಾಕಿತು. ಎರಡನೇ ಎಡಿಷನ್‌ನಲ್ಲಿ ‘ಥ್ಯಾಕೋ’ ಅನ್ನುವ ಅಂಕಿಯಿತ್ತು, ಕವಚ ಸೊನ್ನೆ ಇರುವವನಿಗೆ ಹೊಡೆಯಲು ದಾಳದಲ್ಲಿ ಬೇಕಾದ ಅಂಕಿ. ರಕ್ಷಾಕವಚದ ಅಂಕಿ ಕಡಿಮೆಯಾದಷ್ಟೂ ರಕ್ಷಣೆ ಗಟ್ಟಿ. ಥ್ಯಾಕೋ 20 ಇದ್ದವನು ಕವಚ 5 ಇರುವವನಿಗೆ ಹೊಡೆಯಲು 20ರಲ್ಲಿ 5 ಕಳೆದು, ದಾಳದಲ್ಲಿ 15 ತರಬೇಕು. ಮೂರನೆಯದರಲ್ಲಿ ಅದೇ ಕವಚ 15 ಎಂದಾಯಿತು, ದಾಳಕ್ಕೆ ಬೋನಸ್ ಕೂಡಿಸಿ 15 ಮುಟ್ಟಿದರೆ ಏಟು. ಬೋನಸ್ ಸೊನ್ನೆಯಿದ್ದರೆ ಎರಡರಲ್ಲೂ ಬೇಕಾದದ್ದು ಅದೇ 15. ಹೊಸಬರಿಗೆ ಕೂಡುವುದು ಕಳೆಯುವುದಕ್ಕಿಂತ ಸುಲಭವಾಯಿತು. ಹಳಬರು ಬಾಯಿಪಾಠ ಮಾಡಿದ್ದೆಲ್ಲ ವ್ಯರ್ಥವಾಯಿತು. ಮೂರೇ ವರ್ಷಕ್ಕೆ, 2003ರಲ್ಲಿ, ‘3.5’ ಎಂಬ ತಿದ್ದುಪಡಿ ಬಂದು ಪುಸ್ತಕಗಳನ್ನು ಮತ್ತೆ ಕೊಳ್ಳಬೇಕಾದದ್ದು ಬೇರೆ. ಆದರೆ 2000ದಲ್ಲೇ ಇನ್ನೊಂದು ದೊಡ್ಡ ಕೆಲಸವೂ ಆಗಿತ್ತು. ಓಪನ್ ಗೇಮ್ ಲೈಸೆನ್ಸ್, ಅಂದರೆ ಓಜಿಎಲ್, ಮೂಲಕ ಆಟದ ಮುಖ್ಯ ನಿಯಮಗಳನ್ನು ಯಾರು ಬೇಕಾದರೂ ಬಳಸಿ ಸ್ವಂತ ಪುಸ್ತಕ ಮಾರಬಹುದು ಎಂದಾಯಿತು. ಮುಂದಿನ ಎಲ್ಲ ಗಂಟುಗಳ ದಾರ ಅಲ್ಲಿಂದಲೇ ಬರುತ್ತದೆ.

2008ರ ನಾಲ್ಕನೇ ಎಡಿಷನ್ ಹೊತ್ತಿಗೆ ಆದದ್ದು ಹೀಗೆ. ಯೋಧನಿಗೂ ಮಾಂತ್ರಿಕನಿಗೂ ಒಂದೇ ಚೌಕಟ್ಟು: ಯಾವಾಗ ಬೇಕಾದರೂ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ದೂರವನ್ನು ಚೌಕಗಳಲ್ಲಿ ಎಣಿಸಬೇಕು, ಚೌಕವೊಂದಕ್ಕೆ 5 ಅಡಿ. ಡಿಎಂಗೆ ಕಾಳಗ ಸಿದ್ಧಪಡಿಸಲು ಇಷ್ಟು ಸುಲಭವಾದ ಎಡಿಷನ್ ಇನ್ನೊಂದಿಲ್ಲ. ಇದನ್ನು ಬೈದವರೂ ಒಪ್ಪಬೇಕು. ತೊಂದರೆ ಬಂದದ್ದು ವೇಗದಲ್ಲಿ. ಶುರುವಿನ ಪುಸ್ತಕಗಳ ರಾಕ್ಷಸರಿಗೆ ಜೀವ ಹೆಚ್ಚು, ಏಟು ಕಡಿಮೆ. ಗೆಲುವು ಖಚಿತವಾದ ಮೇಲೂ ಕಾಳಗ ಎಳೆಯುತ್ತಿತ್ತು. 2010ರ ‘ಮಾನ್‌ಸ್ಟರ್ ಮ್ಯಾನ್ಯುಯಲ್ 3’ ಏಟಿನ ಲೆಕ್ಕ ಏರಿಸಿ ಇದನ್ನು ಸರಿಪಡಿಸಿತು. ಅಷ್ಟರಲ್ಲಿ ಬಹಳ ಜನ ಎದ್ದು ಹೋಗಿದ್ದರು. ಹೋಗಲು ಜಾಗವೂ ಇತ್ತು. ಹಳೇ ಓಜಿಎಲ್ ಹಿಡಿದು ಪೈಜೋ ಎಂಬ ಪ್ರಕಾಶನ ಸಂಸ್ಥೆ 2009ರಲ್ಲಿ ‘ಪಾತ್‌ಫೈಂಡರ್’ ತಂದು, 3.5ರ ದಾರಿಯನ್ನೇ ಮುಂದುವರಿಸಿತು.

ಶಿವಮೊಗ್ಗ ಕಡೆಯ ಹೆಚ್ಚಿನ ಆಟಗಾರರಿಗೆ ಇದೆಲ್ಲ ಕೇಳಿದ ಕಥೆ. ಅವರ ಆಟ ಶುರುವಾಗುವುದು 2014ರ ಐದನೇ ಎಡಿಷನ್‌ನಿಂದ. 2012ರಿಂದ ಆಟಗಾರರ ಕೈಗೇ ಕರಡು ಕೊಟ್ಟು ಪರೀಕ್ಷಿಸಿದ ಎಡಿಷನ್ ಅದು. ಅನುಕೂಲವಿದ್ದರೆ ಎರಡು ದಾಳ ಹಾಕಿ ದೊಡ್ಡದು ಹಿಡಿ, ಅನನುಕೂಲವಿದ್ದರೆ ಚಿಕ್ಕದು ಹಿಡಿ. ಕೂಡಿಸುವ ಹತ್ತಾರು ಸಣ್ಣ ಬೋನಸ್‌ಗಳ ಕಾಟ ಈ ಒಂದು ನಿಯಮದಿಂದ ತಪ್ಪಿತು. ಚೌಕದ ಹಾಳೆ ಇದ್ದರೆ ಆಯಿತು, ಇಲ್ಲದಿದ್ದರೂ ಆಯಿತು. ಗೋಬ್ಲಿನ್ ಎಂಬ ಕುಳ್ಳ ರಾಕ್ಷಸರ ಜಾಗದಲ್ಲಿ ಚಾಲಿ ಅಡಿಕೆ, ನಾಯಕರ ಜಾಗದಲ್ಲಿ ಕವಡೆ ಇಟ್ಟು ಆಡಿದರೂ ಏನೂ ಕೊರತೆಯಿಲ್ಲ. ಮೂಲ ನಿಯಮಗಳು ಉಚಿತ ಪಿಡಿಎಫ್ ಆಗಿ ಸಿಕ್ಕಿದ್ದು ಇಲ್ಲಿಯವರಿಗೆ ಬಹಳ ದೊಡ್ಡ ಉಪಕಾರ. ಯಾಕೆಂದರೆ ಮೂರೂ ಮುಖ್ಯ ಪುಸ್ತಕ ತರಿಸಲು ಕಾಲೇಜು ಓದುವವರಿಗೆ ಸಾವಿರಾರು ರೂಪಾಯಿ ಬೇಕು.

2023ರ ಜನವರಿಯಲ್ಲಿ ಓಜಿಎಲ್‌ನ ಹೊಸ ಕರಡು ಹೊರಬಿತ್ತು. ಹಳೇ ಪರವಾನಗಿ ಇನ್ನು ನಡೆಯದು, ವರ್ಷಕ್ಕೆ 7,50,000 ಡಾಲರ್ ಮೀರಿದ ವಹಿವಾಟಿನ ಮೇಲೆ ರಾಯಧನ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಅದೇ ಜನವರಿ 27ಕ್ಕೆ ಐದನೇ ಎಡಿಷನ್‌ನ ಮೂಲ ನಿಯಮಗಳ ದಾಖಲೆ, ಎಸ್‌ಆರ್‌ಡಿ 5.1, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿ ಬಿಡುಗಡೆಯಾಯಿತು. ಅದನ್ನು ಯಾರೂ ಹಿಂಪಡೆಯಲಾಗದು. ಜೆರಾಕ್ಸ್ ಹಾಕಿಸಿಕೊಂಡವರು ನೆಮ್ಮದಿಯಾಗಿ ಇಟ್ಟುಕೊಳ್ಳಬಹುದು. ಆದರೆ ಅದರ ಮಿತಿ ತಿಳಿದಿರಬೇಕು. ಹನ್ನೆರಡು ಕ್ಲಾಸ್‌ಗಳಿಗೂ (ಯೋಧ, ಮಾಂತ್ರಿಕನಂಥ ಪಾತ್ರದ ಬಗೆಗಳು) ಒಂದೊಂದೇ ಸಬ್‌ಕ್ಲಾಸ್ (ಅದರ ಒಳಬಗೆ), ಒಟ್ಟಾರೆ ಒಂದೇ ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು), ಒಂದೇ ಫೀಟ್ (ವಿಶೇಷ ಕೌಶಲ). ‘ನನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ’ ಎಂದು ವಾದಿಸುವವರಲ್ಲಿ ಅನೇಕರು ಹಿಡಿದಿರುವುದು ಪುಸ್ತಕವಲ್ಲ, ಈ ಎಸ್‌ಆರ್‌ಡಿ.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಬಂತು. ಕಂಪನಿಯವರು ಇದನ್ನು ಆರನೇ ಎಡಿಷನ್ ಅನ್ನಲಿಲ್ಲ. ಹಳೇ ಪುಸ್ತಕಗಳ ಜೊತೆ ಹೊಂದಿಕೊಳ್ಳುತ್ತದೆ ಎಂದರು. ಹೊಂದಿಕೊಳ್ಳುತ್ತದೆ ನಿಜ, ಆದರೆ ಎಲ್ಲಿ ಹೊಂದುವುದಿಲ್ಲ ಅನ್ನುವುದು ಆಡುವಾಗಲೇ ಗೊತ್ತಾಗುವುದು. ಮೂರು, ನಾಲ್ಕು, ಐದನೇ ಎಡಿಷನ್‌ಗಳು ಒಂದಕ್ಕೊಂದು ಪೂರ್ತಿ ಬೇರೆಯಾಗಿದ್ದರಿಂದ ಕಲಬೆರಕೆಯ ಪ್ರಶ್ನೆಯೇ ಇರಲಿಲ್ಲ. ಇದು ಅರ್ಧ ಒಂದೇ, ಅರ್ಧ ಬೇರೆ. ಈಗಿನ ಜಗಳ ಹಿಂದಿನವಕ್ಕಿಂತ ಸಣ್ಣದಾದರೂ ಹೆಚ್ಚು ಕಿರಿಕಿರಿಯಾಗಲು ಇದೇ ಕಾರಣ.

ದೈವಬಲದ ಯೋಧ ಪ್ಯಾಲಡಿನ್‌ನ ‘ಡಿವೈನ್ ಸ್ಮೈಟ್’, ಅಂದರೆ ಏಟಿನ ಜೋರು ಹೆಚ್ಚಿಸುವ ಶಕ್ತಿ, ಒಂದನ್ನೇ ಹತ್ತಿರದಿಂದ ನೋಡಿ. ಐದನೇ ಲೆವೆಲ್‌ನ ಪ್ಯಾಲಡಿನ್ ಒಂದು ಸರದಿಯಲ್ಲಿ ಎರಡು ಏಟು ಹೊಡೆಯಬಹುದು. 2014ರ ನಿಯಮದಲ್ಲಿ ಎರಡೂ ಬಿದ್ದರೆ ಎರಡಕ್ಕೂ ಸ್ಮೈಟ್ ಸೇರಿಸಬಹುದು. ಎರಡನೇ ಹಂತದ ಎರಡು ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಪಾಲು) ಸುರಿದರೆ ಏಟಿಗೆ 3ಡಿ8ರಂತೆ, ಅಂದರೆ ಎಂಟು ಮುಖದ ಮೂರು ದಾಳದಂತೆ, ಒಟ್ಟು 6ಡಿ8 ಹೆಚ್ಚುವರಿ. 2024ರಲ್ಲಿ ಸ್ಮೈಟ್ ಒಂದು ಮಂತ್ರ. ಅದಕ್ಕೆ ಬೋನಸ್ ಆ್ಯಕ್ಷನ್, ಅಂದರೆ ಸರದಿಗೆ ಒಂದೇ ಸಿಗುವ ಕಿರು ಕ್ರಿಯೆ, ಬೇಕು. ಹಾಗಾಗಿ ಸರದಿಗೆ ಒಂದೇ, 3ಡಿ8. ಮಂತ್ರವಾದ್ದರಿಂದ ಎದುರಾಳಿ ‘ಕೌಂಟರ್‌ಸ್ಪೆಲ್’ ಹಾಕಿ ತಡೆಯಲೂಬಹುದು. ಹಳೇ ಪ್ಯಾಲಡಿನ್ ಆಡುತ್ತಿದ್ದವರಿಗೆ ಕೈ ಕಟ್ಟಿದಂತಾಯಿತು, ಪಕ್ಕದಲ್ಲಿ ಕೂತು ತನ್ನ ಸರದಿ ಬರುವ ಮೊದಲೇ ರಾಕ್ಷಸ ಸಾಯುವುದನ್ನು ನೋಡುತ್ತಿದ್ದವರಿಗೆ ನ್ಯಾಯ ಸಿಕ್ಕಂತಾಯಿತು. ಇಬ್ಬರ ಮಾತೂ ಸರಿ.

ಕೌಂಟರ್‌ಸ್ಪೆಲ್ ಕೂಡ ಬದಲಾಗಿದೆ. ಹಳೆಯದರಲ್ಲಿ ಮೂರನೇ ಹಂತದವರೆಗಿನ ಮಂತ್ರ ತಾನಾಗಿ ನಿಲ್ಲುತ್ತದೆ, ಸ್ಲಾಟೂ ಹೋಗುತ್ತದೆ. ಹೊಸದರಲ್ಲಿ ಮಂತ್ರ ಹಾಕುವವನಿಗೆ ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ, ಅಂದರೆ ದೇಹದಾರ್ಢ್ಯದ ಮೇಲೆ ದಾಳ ಹಾಕಿ ಪಾರಾಗುವ ಅವಕಾಶ, ಇದೆ. ಸೋತರೂ ಸ್ಲಾಟ್ ಉಳಿಯುತ್ತದೆ. ಆಟಗಾರರು ಹೊಸದು, ಡಿಎಂ ಹಳೆಯದು ಹಿಡಿದರೆ ಆಟಗಾರರ ಫೈರ್‌ಬಾಲ್ ಮಂತ್ರ ಪ್ರತಿ ಸಲ ಆರುತ್ತದೆ, ಶತ್ರುವಿನದ್ದು ಆಗೊಮ್ಮೆ ಈಗೊಮ್ಮೆ. ಗಾಯ ವಾಸಿ ಮಾಡುವ ‘ಕ್ಯೂರ್ ವೂಂಡ್ಸ್’ 1ಡಿ8ರಿಂದ 2ಡಿ8 ಆಗಿದೆ.

ಪಾತ್ರ ಕಟ್ಟುವಾಗ ಆಗುವ ತಪ್ಪು ಇನ್ನೂ ಸಾಮಾನ್ಯ. 2014ರಲ್ಲಿ ಡೆಕ್ಸ್ಟೆರಿಟಿಗೆ, ಅಂದರೆ ಚುರುಕುತನದ ಅಂಕಿಗೆ, 2 ಏರುವುದು ಎಲ್ಫ್ ಕುಲದಿಂದ. 2024ರಲ್ಲಿ ಆ ಏರಿಕೆ ಬ್ಯಾಕ್‌ಗ್ರೌಂಡ್‌ಗೆ ಹೋಗಿದೆ, ಒಂದು ಸಾಮರ್ಥ್ಯಕ್ಕೆ 2 ಇನ್ನೊಂದಕ್ಕೆ 1, ಅಥವಾ ಮೂರಕ್ಕೆ ಒಂದೊಂದು. ಹಳೇ ಎಲ್ಫ್, ಹೊಸ ಬ್ಯಾಕ್‌ಗ್ರೌಂಡ್ ಹಾಕಿದರೆ ಎರಡು ಸಲ ಏರುತ್ತದೆ. ಹೊಸ ಎಲ್ಫ್, ಹಳೇ ಬ್ಯಾಕ್‌ಗ್ರೌಂಡ್ ಹಾಕಿದರೆ ಒಂದು ಸಲವೂ ಏರುವುದಿಲ್ಲ. ಮೊದಲನೆಯದರಲ್ಲಿ ಕುಲದ ಏರಿಕೆ ಬಿಡಬೇಕು, ಎರಡನೆಯದರಲ್ಲಿ ಬ್ಯಾಕ್‌ಗ್ರೌಂಡ್‌ಗೆ ಏರಿಕೆಯ ಜೊತೆ ಒಂದು ಆರಿಜಿನ್ ಫೀಟ್ ಸೇರಿಸಬೇಕು.

ಡಿಎಂಗಳು ಎಡವುವುದು ಕಾಳಗದ ಲೆಕ್ಕದಲ್ಲಿ. ಮೂರನೇ ಲೆವೆಲ್‌ನ ನಾಲ್ವರ ಎದುರು ಎಂಟು ಗೋಬ್ಲಿನ್ ಇಡಿ. ಒಂದಕ್ಕೆ 50 ಎಕ್ಸ್‌ಪಿಯಂತೆ (ಸೋಲಿಸಿದರೆ ಸಿಗುವ ಅನುಭವದ ಅಂಕ) 400. ಹಳೇ ಲೆಕ್ಕದಲ್ಲಿ ಏಳರಿಂದ ಹತ್ತು ಶತ್ರುಗಳಿದ್ದರೆ ಎರಡೂವರೆಯಿಂದ ಗುಣಿಸಬೇಕು, 1000 ಆಗುತ್ತದೆ. 900 ದಾಟಿದ್ದರಿಂದ ‘ಹಾರ್ಡ್’. ಹೊಸ ಲೆಕ್ಕದಲ್ಲಿ ಗುಣಾಕಾರವೇ ಇಲ್ಲ. ಅತಿ ಸುಲಭದ ‘ಲೋ’ ಮಟ್ಟವೇ 600. ಈ 400 ಅದನ್ನೂ ಮುಟ್ಟುವುದಿಲ್ಲ. ಬಜೆಟ್ ಉಳಿದಿದೆಯೆಂದು ಗೋಬ್ಲಿನ್ ಸೇರಿಸುತ್ತ ಹೋದರೆ ‘ಹೈ’ ಮಟ್ಟದ 1600ಕ್ಕೆ 32 ಆಗುತ್ತವೆ. ಒಂದೊಂದು ಸುತ್ತಿನಲ್ಲಿ 32 ಏಟು ತಡೆದು ನಿಲ್ಲುವ ಮೂರನೇ ಲೆವೆಲ್‌ನ ತಂಡ ಇಲ್ಲ. ಆಟಗಾರರ ಎರಡು ಪಟ್ಟಿಗಿಂತ ಹೆಚ್ಚು ಶತ್ರುಗಳನ್ನು ಇಡದಿದ್ದರೆ ಹೊಸ ಲೆಕ್ಕ ಚೆನ್ನಾಗಿ ನಡೆಯುತ್ತದೆ, ಹಳೆಯದಕ್ಕಿಂತ ಬೇಗ ಮುಗಿಯುತ್ತದೆ ಕೂಡ.

ನಿಯಮಕ್ಕಿಂತ ಹೆಚ್ಚು ಮನಸ್ಸು ಕೆಡಿಸಿದ್ದು 2024ರ ಆಗಸ್ಟ್‌ನ ಪ್ರಕಟಣೆ. ‘ಡಿ ಅಂಡ್ ಡಿ ಬಿಯಾಂಡ್’ ಎಂಬ ಆನ್‌ಲೈನ್ ಸೇವೆಯಲ್ಲಿ ಈಗಾಗಲೇ ಇರುವ ಕ್ಯಾರೆಕ್ಟರ್ ಶೀಟ್‌ಗಳಲ್ಲೂ (ಪಾತ್ರದ ವಿವರದ ಹಾಳೆ) ಹಳೇ ಮಂತ್ರಗಳ ಜಾಗಕ್ಕೆ ಹೊಸವು ಬರುತ್ತವೆ ಎಂದು ತಿಳಿಸಲಾಯಿತು. ದುಡ್ಡು ಕೊಟ್ಟು ಕೊಂಡ ನಿಯಮ, ನಡೆಯುತ್ತಿರುವ ಆಟದ ನಡುವೆ ಕೇಳದೆ ಬದಲಾಗುವುದೇ ಎಂಬ ಪ್ರಶ್ನೆ ಎದ್ದು, ಕೆಲವೇ ದಿನಗಳಲ್ಲಿ ಆ ನಿರ್ಧಾರ ಕೈಬಿಡಲಾಯಿತು. ಆದರೂ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದೇ ಭದ್ರ ಎಂಬ ಭಾವನೆ ಉಳಿಯಿತು. ಆಷಾಢದ ಮಳೆಯಲ್ಲಿ ಹೊಸನಗರ, ಆಗುಂಬೆ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಮನೆಗಳಲ್ಲಿ ಅದು ಮೊದಲಿನಿಂದಲೂ ಇದ್ದ ಪದ್ಧತಿ, ಅದನ್ನು ಬಿಡುವ ಅಗತ್ಯವೂ ಕಾಣುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ ಕ್ರಿಯೇಟಿವ್ ಕಾಮನ್ಸ್ ಅಡಿ ಬಂದಿರುವುದರಿಂದ, ಎರಡನ್ನೂ ಮುದ್ರಿಸಿ ಪಕ್ಕಪಕ್ಕ ಇಟ್ಟು ಹೋಲಿಸಲು ಅಡ್ಡಿಯಿಲ್ಲ.

ನಡೆಯುತ್ತಿರುವ ಕ್ಯಾಂಪೇನ್, ಅಂದರೆ ಹಲವು ಕೂಟಗಳಲ್ಲಿ ಮುಂದುವರಿಯುವ ಕಥೆ, ಹಳೆಯದರಲ್ಲೇ ಮುಗಿಯಲಿ, ಮುಂದಿನದಕ್ಕೆ ಯಾವುದು ಅಂತ ಕೂತವರು ಕೈ ಎತ್ತಿ ಹೇಳಲಿ. ಕಂಪನಿಯ ಕ್ಯಾಲೆಂಡರ್ ನೋಡಿ ಅವಸರ ಪಡಬೇಕಿಲ್ಲ. ನಡುವೆಯೇ ಬದಲಿಸುವುದಾದರೆ ಲೆವೆಲ್ ಏರುವ ದಿನ ಎಲ್ಲರೂ ಒಟ್ಟಿಗೆ ಬದಲಿಸಿ, ಒಬ್ಬೊಬ್ಬರಾಗಿ ಬೇಡ. ಒಂದೇ ಹೆಸರಿನ ಮಂತ್ರ ಎರಡೂ ಕಡೆ ಇದ್ದರೆ ಯಾವುದು ಹಿಡಿಯುವುದು ಅಂತ ಒಂದು ಹಾಳೆಯಲ್ಲಿ ಬರೆದು ಡಿಎಂ ಎದುರು ಇಡಿ, ಅದೇ ರಾಕ್ಷಸರಿಗೂ ಅನ್ವಯಿಸಲಿ. ಹಳೇ ಪುಸ್ತಕದಲ್ಲಿ ಕ್ಲೆರಿಕ್, ಸಾರ್ಸರರ್, ವಾರ್‌ಲಾಕ್‌ಗೆ ಸಬ್‌ಕ್ಲಾಸ್ ಸಿಗುವುದು ಒಂದನೇ ಲೆವೆಲ್‌ನಲ್ಲಿ, ಡ್ರೂಯಿಡ್, ವಿಝರ್ಡ್‌ಗೆ ಎರಡರಲ್ಲಿ; ಹೊಸದರಲ್ಲಿ ಎಲ್ಲರಿಗೂ ಮೂರರಲ್ಲಿ. ಹಾಗಾಗಿ ತಂಡ ಮೂರನೇ ಲೆವೆಲ್ ಮುಟ್ಟುವವರೆಗೆ ಕಾದು ಬದಲಿಸಿದರೆ ಯಾರ ಕೈಯಿಂದಲೂ ಇದ್ದದ್ದನ್ನು ಕಿತ್ತುಕೊಂಡಂತೆ ಆಗುವುದಿಲ್ಲ.