ತೊಟ್ಟಿಯ ಕೆಳಗೊಂದು ತೊಟ್ಟಿ

ಹವಳ, ಸಮುದ್ರದ ಮೀನು ಸಾಕುವವರ ಅಕ್ವೇರಿಯಂ ನೋಡಿದರೆ ಗಾಜಿನೊಳಗೆ ಯಂತ್ರಗಳೇ ಕಾಣುವುದಿಲ್ಲ. ಹೀಟರ್ ಇಲ್ಲ, ಫಿಲ್ಟರ್ ಇಲ್ಲ. ಸ್ಟ್ಯಾಂಡಿನ ಬಾಗಿಲು ತೆಗೆದರೆ ಅವೆಲ್ಲ ಕೆಳಗೆ ಇನ್ನೊಂದು ತೊಟ್ಟಿಯಲ್ಲಿ ಕೂತಿರುತ್ತವೆ. ಅದೇ ಸಂಪ್. ಆದರೆ ಸಂಪಿನ ಕೆಲಸ ಶುರುವಾಗುವುದು ಕೆಳಗಲ್ಲ, ಮೇಲಿನ ತೊಟ್ಟಿಯ ಒಂದು ಅಂಚಿನಲ್ಲಿ.

ಮೇಲಿನ ತೊಟ್ಟಿಯ ಮೂಲೆಯಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುವ ಒಂದು ತಡೆ ಇರುತ್ತದೆ. ಕೋಣೆಗಳಾಗಿ ಭಾಗ ಮಾಡಿದ ಸಂಪಿನ ಕೊನೆಯ ಕೋಣೆಯಲ್ಲಿರುವ ಪಂಪ್ ನೀರನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಹೆಚ್ಚಾದ ನೀರು ಆ ಅಂಚು ದಾಟಿ, ಪೈಪಿನೊಳಗೆ ತಾನಾಗಿಯೇ ಕೆಳಗಿಳಿಯುತ್ತದೆ. ಏರುವ ನೀರಿಗೂ ಇಳಿಯುವ ನೀರಿಗೂ ಲೆಕ್ಕ ಹೊಂದಿಸುವುದು ಹೇಗೆ ಅಂತ ಹೊಸಬರು ತಲೆಕೆಡಿಸಿಕೊಳ್ಳುತ್ತಾರೆ. ಹೊಂದಿಸುವುದೇ ಬೇಡ. ಎಷ್ಟು ಮೇಲೆ ಬಂತೋ ಅಷ್ಟು ಅಂಚು ದಾಟುತ್ತದೆ, ಪೈಪ್ ಮಾತ್ರ ಧಾರಾಳವಾಗಿರಬೇಕು. ಇಳಿಸಲು ಒಂದು ಪಂಪ್, ಏರಿಸಲು ಒಂದು ಪಂಪ್ ಎಂಬ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಎರಡು ಪಂಪ್‌ಗಳು ಒಂದೇ ವೇಗದಲ್ಲಿ ಓಡುವುದಿಲ್ಲ, ಕೊನೆಗೆ ಯಾವುದೋ ಒಂದು ತೊಟ್ಟಿ ತುಂಬಿ ನೆಲಕ್ಕೆ ಹರಿಯುತ್ತದೆ.

ಅಂಚು ದಾಟುವುದು ನೀರಿನ ಮೇಲ್ಪದರ. ಜಿಡ್ಡು, ಪ್ರೋಟೀನ್, ತಿನ್ನದೆ ಉಳಿದ ಆಹಾರದ ಚೂರು ಎಲ್ಲ ಸೇರಿ ತೆಳ್ಳಗೆ ಪೊರೆ ಕಟ್ಟುವುದು ಅಲ್ಲೇ. ಆ ಪೊರೆ ಇದ್ದರೆ ಗಾಳಿಯಿಂದ ನೀರಿಗೆ ಆಮ್ಲಜನಕ ಇಳಿಯುವುದು ಕಷ್ಟ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, ಸಮುದ್ರದ ನೀರು ಹಿಡಿಯುವುದು 7ಕ್ಕಿಂತ ಕಡಿಮೆ. ಮೊದಲೇ ಕಡಿಮೆ ಇರುವಲ್ಲಿ ಮುಚ್ಚಳ ಬೇರೆ ಹಾಕಿದರೆ ಮೀನು ಏನು ಮಾಡಬೇಕು?

ಅಂಚಿನಿಂದ ಇನ್ನೊಂದು ಲಾಭವಿದೆ. ಮೇಲಿನ ತೊಟ್ಟಿಯ ನೀರಿನ ಮಟ್ಟ ಇಳಿಯುವುದೇ ಇಲ್ಲ. ಎಷ್ಟು ಆವಿಯಾದರೂ ಕಡಿಮೆಯಾಗುವುದು ಪಂಪ್ ಇರುವ ಕೋಣೆಯಲ್ಲಿ ಮಾತ್ರ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಒಟ್ಟು 250 ಲೀಟರ್ ನೀರಿನಲ್ಲಿ 10 ಲೀಟರ್ ಹಾರಿಹೋದರೆ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು 36.5ರ ಹತ್ತಿರಕ್ಕೆ ಏರುತ್ತದೆ. ಹವಳಕ್ಕೆ ಇಂಥ ಏರುಪೇರು ಆಗಿಬರುವುದಿಲ್ಲ. ಆ ಕೋಣೆಯಲ್ಲಿ ನೀರಿನ ಮಟ್ಟದೊಂದಿಗೆ ಏರಿಳಿಯುವ ಒಂದು ಫ್ಲೋಟ್ ಸ್ವಿಚ್ ಇಟ್ಟು, ಕಡಿಮೆಯಾದಷ್ಟು ಶುದ್ಧ ಸಿಹಿನೀರು ತಾನೇ ಬಂದು ಸೇರುವಂತೆ ಮಾಡಬಹುದು. ಉಪ್ಪುನೀರು ಸೇರಿಸಿದರೆ ಉಪ್ಪು ಇನ್ನೂ ಜಾಸ್ತಿಯಾಗುತ್ತದೆ.

ಕೆಳಗಿಳಿದ ನೀರು ಮೊದಲು ಒಂದು ಬಟ್ಟೆಯ ಚೀಲದಲ್ಲಿ ಸೋಸಿಕೊಂಡು ಸ್ಕಿಮ್ಮರ್ ಇರುವ ಕೋಣೆಗೆ ಬರುತ್ತದೆ. ಇಡೀ ಸಂಪಿನಲ್ಲಿ ನನಗೆ ಅತಿ ಇಷ್ಟವಾದ ಯಂತ್ರ ಇದು. ಪ್ರೋಟೀನಿನಂಥ ಅಣುಗಳ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ಭಾಗ ನೀರಿನಿಂದ ದೂರ ಓಡುತ್ತದೆ. ಅವಕ್ಕೆ ನೆಮ್ಮದಿ ಸಿಗುವುದು ಗಾಳಿ ಮತ್ತು ನೀರು ಸೇರುವ ಗಡಿಯಲ್ಲಿ. ಸ್ಕಿಮ್ಮರ್ ಅಸಂಖ್ಯ ಸಣ್ಣ ಗುಳ್ಳೆಗಳನ್ನು ಮಾಡಿ ಅಂಥ ಗಡಿಯನ್ನು ವಿಪರೀತ ಹೆಚ್ಚಿಸುತ್ತದೆ. ಕೊಳೆ ಗುಳ್ಳೆಗಳಿಗೆ ಅಂಟಿಕೊಂಡು, ನೊರೆಯಾಗಿ ಮೇಲೇರಿ, ಒಂದು ಬಟ್ಟಲಿಗೆ ಬೀಳುತ್ತದೆ. ಕಂದು ಬಣ್ಣ, ಸಹಿಸಲಾಗದ ವಾಸನೆ! ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಬೆರೆತು ದೊಡ್ಡದಾಗುವುದು ಕಡಿಮೆ. ಹಾಗಾಗಿ ಈ ಉಪಾಯ ಸಿಹಿನೀರಿನ ತೊಟ್ಟಿಯಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬೇರೆ ಫಿಲ್ಟರ್‌ಗಳಲ್ಲಿ ಕೊಳೆ ಸಿಕ್ಕಿಕೊಂಡರೂ ನೀರಿನ ಸಂಪರ್ಕದಲ್ಲೇ ಇರುತ್ತದೆ, ತೆಗೆಯದಿದ್ದರೆ ಕೊಳೆತು ಅಮೋನಿಯಾ ಬಿಡುತ್ತದೆ. ಸ್ಕಿಮ್ಮರ್ ಅದನ್ನು ಕೊಳೆಯುವ ಮೊದಲೇ ನೀರಿನಿಂದ ಹೊರಗೆ ಹಾಕುತ್ತದೆ.

ಜಾಗವಿದ್ದರೆ ಇನ್ನೊಂದು ಕೋಣೆಯಲ್ಲಿ ಕೀಟೊಮಾರ್ಫಾ ಎಂಬ ಎಳೆಎಳೆಯಾದ ಪಾಚಿ ಬೆಳೆಸುತ್ತಾರೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ನಿಲ್ಲಿಸಿಬಿಡುತ್ತವೆ. ಆ ನೈಟ್ರೇಟ್ ಪಾಚಿಗೆ ಗೊಬ್ಬರ. ಬೆಳೆದ ಪಾಚಿಯನ್ನು ಕಿತ್ತು ಎಸೆದರೆ ಅದರೊಂದಿಗೆ ನೈಟ್ರೇಟೂ ಹೋಯಿತು. ಈ ಕೋಣೆಯ ದೀಪವನ್ನು ರಾತ್ರಿ ಉರಿಸುವ ಪದ್ಧತಿ ಚೆನ್ನಾಗಿದೆ. ಮೇಲೆ ಕತ್ತಲಾದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರಿನ ಪಿಎಚ್ ಇಳಿಯುತ್ತದೆ. ಕೆಳಗೆ ಎಚ್ಚರವಿರುವ ಪಾಚಿ ಅದನ್ನು ಹೀರಿಕೊಂಡು ಇಳಿತವನ್ನು ತಗ್ಗಿಸುತ್ತದೆ.

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ಸಂಪ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಉತ್ತರ ಇಲ್ಲೇ ಸಿಗುವುದು. ಪಂಪ್ ನಿಂತರೂ ಮೇಲಿನ ನೀರು ಅಂಚಿನ ಮಟ್ಟಕ್ಕೆ ಬರುವವರೆಗೆ ಇಳಿಯುತ್ತಲೇ ಇರುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 3 ಸೆಂ.ಮೀ. ಇಳಿದರೆ 16 ಲೀಟರ್. ಇದಕ್ಕಿಂತ ಅಪಾಯ ಮೇಲೇರುವ ಪೈಪಿನದು. ಅದರ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ, ಪಂಪ್ ನಿಂತ ಕೂಡಲೇ ಅದೇ ಸೈಫನ್ ಆಗಿ, ಅಂದರೆ ಪಂಪಿಲ್ಲದೆ ತಾನೇ ನೀರಿಳಿಸುವ ಕೊಳವೆಯಾಗಿ, ಹಿಂದಕ್ಕೆ ಎಳೆಯುತ್ತದೆ. ಆಗ ಇಳಿಯುವುದು 54 ಲೀಟರ್! ಪೈಪಿನ ಬಾಯಿ ಮೇಲ್ಮೈಗೆ ಹತ್ತಿರವಿರಲಿ. ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೊಂದು ಸಣ್ಣ ತೂತು ಇದ್ದರೆ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ಆಗಾಗ ಚುಚ್ಚಿ ನೋಡಬೇಕು. ಒಮ್ಮುಖ ವಾಲ್ವ್ ಹಾಕಿದ್ದೇನಲ್ಲ ಅಂತ ಸುಮ್ನೆ ಕೂರಬೇಡಿ. ಸುಣ್ಣ ಕಟ್ಟಿದರೆ, ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ.

ಇದಕ್ಕೆ ತದ್ವಿರುದ್ಧ ಅಪಾಯವೂ ಇದೆ. ಇಳಿಯುವ ಪೈಪ್ ಕಟ್ಟಿಕೊಂಡರೆ ಪಂಪ್ ತನ್ನ ಕೋಣೆಯ ನೀರನ್ನೆಲ್ಲ ಮೇಲೆ ತುಂಬುತ್ತದೆ. ಆ ಕೋಣೆಯಲ್ಲಿರುವ ನೀರು ಮೇಲಿನ ತೊಟ್ಟಿಯ ಖಾಲಿ ಜಾಗಕ್ಕಿಂತ ಕಡಿಮೆ ಇದ್ದರೆ ನೆಲ ಒದ್ದೆಯಾಗುವುದಿಲ್ಲ. ಜೊತೆಗೆ ತುರ್ತಿಗೆಂದೇ ಎರಡನೇ ಪೈಪ್ ಇರುವುದು ಒಳ್ಳೆಯದು. ಈಗಾಗಲೇ ಇರುವ ತೊಟ್ಟಿಗೆ ಇದನ್ನೆಲ್ಲ ಜೋಡಿಸುವವರು ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ಮೊದಲು ತಿಳಿದುಕೊಳ್ಳಬೇಕು. ಟೆಂಪರ್ಡ್ ಗಾಜಿಗೆ ತೂತು ಕೊರೆಯಲು ಹೋದರೆ ಇಡೀ ಫಲಕ ಪುಡಿಯಾಗುತ್ತದೆ. ಕೊರೆಯದೆ ಸೈಫನ್ ಮೂಲಕ ನೀರಿಳಿಸುವ ಪೆಟ್ಟಿಗೆಗಳೂ ಸಿಗುತ್ತವೆ. ಅವುಗಳ ಬಾಗಿನಲ್ಲಿ ಗಾಳಿ ಸೇರಿದರೆ ನೀರಿನ ಇಳಿತ ನಿಲ್ಲುತ್ತದೆ, ಹಾಗಾಗಿ ಕೊರೆಯಲು ಸಾಧ್ಯವಿದ್ದರೆ ನನ್ನ ಮತ ಕೊರೆಯುವುದಕ್ಕೇ.

ಜೋಡಣೆ ಮುಗಿದ ಮೇಲೆ ಉಪ್ಪು ಹಾಕುವ ಮೊದಲು ಬರೀ ನೀರು ತುಂಬಿ, ಪಂಪ್ ಓಡಿಸಿ, ಪ್ಲಗ್ ಕಿತ್ತು ನೋಡಿ. ಸಂಪ್ ತುಂಬಿ ಹರಿಯುವಂತಿದ್ದರೆ ಸ್ವಲ್ಪ ನೀರು ತೆಗೆದು ಮತ್ತೆ ಓಡಿಸಿ, ಮತ್ತೆ ಕಿತ್ತು ನೋಡಿ. ಎಲ್ಲವೂ ಒಳಗೇ ನಿಂತ ಮೇಲೆ ಪಂಪ್ ಮತ್ತೆ ಹಾಕಿ, ಅದು ಓಡುತ್ತಿರುವಾಗ ಅದರ ಕೋಣೆಯಲ್ಲಿ ನೀರು ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಆಮೇಲೆ ಯಾವತ್ತೂ ಆ ಗೆರೆಗಿಂತ ಮೇಲೆ ನೀರು ತುಂಬಬೇಡಿ.