ಮೀಕ ಹೇಳಿದಂತೆ ಆಗಲಿಲ್ಲ, ಸದ್ಯ!

ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಪಾಠ ಶುರುವಾದ ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಕೇಳುತ್ತಾರೆ: ‘ಸಾರ್, ಪ್ರವಾದಿ ಅಂದರೆ ಮುಂದೆ ಆಗೋದನ್ನು ಹೇಳುವವನು ತಾನೆ?’

ಪದವನ್ನೇ ನೋಡಿ ಅನ್ನುತ್ತೇನೆ ನಾನು. ಪ್ರವಾದಿ ಅನ್ನುವುದರೊಳಗೆ ಮಾತು ಇದೆ, ಜ್ಯೋತಿಷ್ಯ ಇಲ್ಲ. ಹೀಬ್ರೂವಿನಲ್ಲಿ ಅವನು ‘ನಾವೀ’. ಅದು ‘ಕರೆ’ ಅನ್ನುವ ಅರ್ಥದ ಹಳೆಯ ಧಾತುವಿಗೆ ಸೇರಿದ್ದು ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಆ ಕಾಲದಲ್ಲಿ ಒಬ್ಬ ರಾಜನ ದೂತ ಇನ್ನೊಬ್ಬ ರಾಜನ ಮುಂದೆ ನಿಂತು ‘ನಮ್ಮ ದೊರೆ ಹೀಗೆ ಹೇಳುತ್ತಾನೆ’ ಎಂದೇ ಬಾಯಿ ತೆರೆಯುತ್ತಿದ್ದ. ಪ್ರವಾದಿಯೂ ಅದೇ ಧಾಟಿಯಲ್ಲಿ ಶುರು ಮಾಡುತ್ತಾನೆ: ‘ಯೆಹೋವನು (ಅಂದರೆ ಇಸ್ರಾಯೇಲರ ದೇವರು) ಹೀಗನ್ನುತ್ತಾನೆ.’

ಹಾಗಂತ ಕಣಿ ಕೇಳುವ ರೂಢಿ ಇರಲೇ ಇಲ್ಲ ಅಂತಲ್ಲ. ಅಪ್ಪನ ಕತ್ತೆಗಳು ಕಳೆದುಹೋದಾಗ ಸೌಲ (ಮುಂದೆ ಇಸ್ರಾಯೇಲಿನ ರಾಜನಾದವನು) ಪ್ರವಾದಿ ಸಮುವೇಲನನ್ನು ಹುಡುಕಿಕೊಂಡು ಹೋಗಿದ್ದು ಅದಕ್ಕೇ. ಕಾಣಿಕೆ ಕೊಡೋಕೆ ಆಳಿನ ಹತ್ತಿರ ಕಾಲು ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ ಇತ್ತು. ಈಗ ಪ್ರವಾದಿ ಅನ್ನುವವನನ್ನು ಹಿಂದೆ ದರ್ಶಿ ಅನ್ನುತ್ತಿದ್ದರು ಎಂದು ಕಥೆಯ ನಡುವೆ ಬರೆದವನೇ ವಿವರಣೆ ಕೊಡುತ್ತಾನೆ. ನನಗೆ ತುಂಬ ಇಷ್ಟವಾದ ಸಾಲು ಅದು.

ಕತ್ತೆ ಎಲ್ಲಿದೆ ಅಂತ ಹೇಳುವ ಕೆಲಸ ಮುಂದೆ ಅರಮನೆಯ ಕೆಲಸವಾಯಿತು. ಯುದ್ಧಕ್ಕೆ ಹೊರಡಬೇಕೇ ಎಂದು ಇಸ್ರಾಯೇಲಿನ ಅಹಾಬ ರಾಜ ಕೇಳಿದಾಗ ಸುಮಾರು 400 ಪ್ರವಾದಿಗಳು ಒಂದೇ ಸ್ವರದಲ್ಲಿ ‘ಹೋಗು, ಗೆಲ್ಲುತ್ತೀಯ’ ಅಂದರು. ಬೇಡ ಅಂದ ಪ್ರವಾದಿ ಮೀಕಾಯೆಹುವಿಗೆ (ಇವನು ಮೇಲೆ ಹೆಸರಿಸಿದ ಮೀಕ ಅಲ್ಲ) ಸಿಕ್ಕಿದ್ದು ಕೆನ್ನೆಗೆ ಏಟು ಮತ್ತು ಸೆರೆಮನೆ. ಅಹಾಬ ಆ ಯುದ್ಧದಲ್ಲೇ ಸತ್ತ. ಇನ್ನು ಯೆಹೂದ ರಾಜ್ಯದ ತೆಕೋವ ಎಂಬ ಊರಿನ ಪ್ರವಾದಿ ಆಮೋಸ ಕುರಿ ಕಾಯುವವನು, ಅತ್ತಿ ಜಾತಿಯ ಹಣ್ಣು ನೋಡಿಕೊಳ್ಳುವವನು. ಬಡವನನ್ನು ಒಂದು ಜೊತೆ ಚಪ್ಪಲಿಗೆ ಮಾರುತ್ತೀರಿ ಎಂದು ಬೈದ. ಇಸ್ರಾಯೇಲ್ ರಾಜ್ಯದ ಬೇತೇಲಿನ ಯಾಜಕ (ಪೂಜಾರಿ) ಅವನಿಗೆ, ಇಲ್ಲಿಂದ ಹೋಗಿ ಯೆಹೂದದಲ್ಲಿ ಹೊಟ್ಟೆ ಹೊರೆದುಕೋ ಅಂದ. ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ ಎಂದು ಆಮೋಸ ಉತ್ತರ ಕೊಟ್ಟ. ಅನ್ನಕ್ಕಾಗಿ ಈ ಕೆಲಸ ಮಾಡುವವರ ಗುಂಪಿಗೆ ತನ್ನನ್ನು ಸೇರಿಸಬೇಡ ಅಂತ ಅದರ ಅರ್ಥ. ಹಾಗೆಂದು ನಾನು ಓದುತ್ತೇನೆ.

ಹಾಗಾದರೆ ಯಾರು ನಿಜ, ಯಾರು ಸುಳ್ಳು? ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ ಎಂಬ ಪುಸ್ತಕದ 18ನೇ ಅಧ್ಯಾಯ ಸುಲಭದ ಅಳತೆಗೋಲು ಕೊಡುತ್ತದೆ: ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ. ತರಗತಿಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಆಗ ನಾನು ಪ್ರವಾದಿ ಯೆರೆಮೀಯನ ಪುಸ್ತಕದ 26ನೇ ಅಧ್ಯಾಯ ತೆರೆಯಲು ಹೇಳುತ್ತೇನೆ.

ಯೆಹೂದದ ರಾಜ ಯೆಹೋಯಾಕೀಮನ ಆಳ್ವಿಕೆ ಆಗಷ್ಟೇ ಶುರುವಾಗಿತ್ತು, ಕ್ರಿ.ಪೂ. 609ರ ಸುಮಾರು. ಈ ದೇವಾಲಯ ಹಾಳುಬಿದ್ದ ಹಳೆಯ ಆರಾಧನಾ ಸ್ಥಳ ಶಿಲೋವಿನಂತೆ ಆಗುತ್ತದೆ ಎಂದು ಯೆರೆಮೀಯ ಜೆರುಸಲೇಮಿನ ದೇವಾಲಯದ ಅಂಗಳದಲ್ಲೇ ನಿಂತು ಹೇಳಿದ. ಅವನನ್ನು ಹಿಡಿದು ಸಾಯಲೇಬೇಕು ಅಂದವರು ಯಾಜಕರು, ಜೊತೆಗೆ ಬೇರೆ ಪ್ರವಾದಿಗಳು! ಆಗ ಊರಿನ ಹಿರಿಯರು ಎದ್ದು ಹಳೆಯ ಪ್ರಸಂಗವೊಂದನ್ನು ತೆಗೆದರು. ನೂರು ವರ್ಷದ ಹಿಂದೆ, ರಾಜ ಹಿಜ್ಕೀಯನ ಕಾಲದಲ್ಲಿ ಮೀಕ ಎಂಬ ಪ್ರವಾದಿ ಚೀಯೋನು (ಜೆರುಸಲೇಮಿನ ಗುಡ್ಡ) ಉತ್ತ ಹೊಲವಾಗುತ್ತದೆ, ಜೆರುಸಲೇಮು ಹಾಳುದಿಬ್ಬವಾಗುತ್ತದೆ ಅಂದಿದ್ದ. ರಾಜ ಅವನನ್ನು ಕೊಂದನೇ? ಇಲ್ಲ, ಹೆದರಿ ದೇವರ ದಯೆ ಬೇಡಿದ. ದೇವರೂ ಮನಸ್ಸು ಬದಲಿಸಿದ. ಊರು ಉಳಿಯಿತು.

ಅಂದರೆ ಮೀಕ ಹೇಳಿದ್ದು ಆಗ ನಡೆಯಲಿಲ್ಲ. ಆದರೂ ಅವನನ್ನು ಯಾರೂ ಸುಳ್ಳ ಅನ್ನಲಿಲ್ಲ. ಅವನ ಮಾತನ್ನೇ ಸಾಕ್ಷಿ ಮಾಡಿಕೊಂಡು ಇನ್ನೊಬ್ಬ ಪ್ರವಾದಿಯ ಜೀವ ಉಳಿಸಿದರು. ಮಗು ಬಾವಿಯ ಕಟ್ಟೆ ಹತ್ತಿದಾಗ ‘ಬೀಳ್ತೀಯಾ!’ ಅಂತ ಅಮ್ಮ ಕೂಗುತ್ತಾಳೆ. ಮಗು ಬೀಳದಿದ್ದರೆ ಅಮ್ಮನ ಭವಿಷ್ಯ ತಪ್ಪಾಯಿತು ಅಂತೀವಾ? ಸುಮ್ನೆ ನಗು ಬರುತ್ತೆ ಅಲ್ವಾ?

ಈ ಸಲ ಮಾತ್ರ ರಾಜ ಕೇಳಲಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು (ಬ್ಯಾಬಿಲೋನಿನವರು) ದೇವಾಲಯ ಸುಟ್ಟರು.

ಅದೇ ಅಧ್ಯಾಯದ ಕೊನೆಯಲ್ಲಿ ಊರೀಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಹೇಳಿದ್ದು ಯೆರೆಮೀಯ ಹೇಳಿದ್ದನ್ನೇ. ಅವನ ಪರ ಯಾವ ಹಿರಿಯರೂ ಏಳಲಿಲ್ಲ. ಈಜಿಪ್ಟಿಗೆ ಓಡಿಹೋದವನನ್ನು ಹಿಡಿದು ತಂದು ಕತ್ತಿಗೆ ಕೊಟ್ಟರು, ಹೆಣವನ್ನು ಸಾಮಾನ್ಯ ಜನರ ಸ್ಮಶಾನದಲ್ಲಿ ಎಸೆದರು. ಅವನ ಹೆಸರಿನಲ್ಲಿ ಬೈಬಲಿನಲ್ಲಿ ಪುಸ್ತಕವಿಲ್ಲ, ನಾಲ್ಕು ವಚನ ಇವೆ ಅಷ್ಟೇ.